8 ಇಂಚಿನ ಸಬ್‌ವೂಫರ್: ಸೀಲ್ಡ್ ಡಬ್ಬವೋ, ಪೋರ್ಟೆಡ್ ಡಬ್ಬವೋ? ಲೆಕ್ಕ, ಮರಗೆಲಸ, ಅಳತೆ

ಮಂದ್ರ_12

8 ಇಂಚಿನ ಸಬ್‌ವೂಫರ್ (ಆಳದ ಬೇಸ್‌ಗೆಂದೇ ಇರುವ ಸ್ಪೀಕರ್) ಕಟ್ಟುತ್ತಿದ್ದೇನೆ. ಡ್ರೈವರ್, ಅಂದರೆ ಕೋನ್ ಇರುವ ಬರಿ ಸ್ಪೀಕರ್, ಕೈಯಲ್ಲಿದೆ; ಡಬ್ಬ ಇನ್ನೂ ಕಾಗದದ ಮೇಲಿದೆ. ಸೀಲ್ಡ್ ಅಂದರೆ ಪೂರ್ತಿ ಮುಚ್ಚಿದ ಡಬ್ಬ, ಪೋರ್ಟೆಡ್ ಅಂದರೆ ಪೈಪ್ ಇಟ್ಟ ಡಬ್ಬ. ಹಲಗೆ ಕೊಯ್ಯಿಸುವ ಮೊದಲು ನಿಮ್ಮ ಅಭಿಪ್ರಾಯ ಬೇಕು.

ಅಳೆದ ನಿಯತಾಂಕಗಳು ಇವು. ಎಫ್‌ಎಸ್ (ಡ್ರೈವರ್‌ನ ಸಹಜ ಅನುರಣನ ಆವರ್ತನ) 30 ಹರ್ಟ್ಸ್, ಕ್ಯೂಟಿಎಸ್ (ಆ ಅನುರಣನ ಎಷ್ಟು ಹತೋಟಿಯಲ್ಲಿದೆ ಅನ್ನುವ ಒಟ್ಟು ಅಳತೆ) 0.40, ಕ್ಯೂಇಎಸ್ (ಅದರ ವಿದ್ಯುತ್ ಪಾಲು) 0.44, ವಿಎಎಸ್ (ಡ್ರೈವರ್‌ನ ಸ್ಪ್ರಿಂಗ್‌ಗೆ ಸಮನಾದ ಗಾಳಿಯ ಗಾತ್ರ) 50 ಲೀಟರ್, ಕೋನ್ ವಿಸ್ತೀರ್ಣ 215 ಚದರ ಸೆಂ.ಮೀ., ಎಕ್ಸ್‌ಮ್ಯಾಕ್ಸ್ (ಕೋನ್ ಸರಿಯಾಗಿ ಚಲಿಸಬಲ್ಲ ಗರಿಷ್ಠ ದೂರ) ಒಂದು ಕಡೆಗೆ 8 ಮಿ.ಮೀ., ಡಿಸಿ ರೋಧ 6 ಓಮ್. ಕೋಣೆ 12×10 ಅಡಿ, ಇಟ್ಟಿಗೆ ಗೋಡೆ, ಆರ್‌ಸಿಸಿ ಚಾವಣಿ. ಆಂಪ್ 150 ವ್ಯಾಟ್, ಜೊತೆಗೆ ಡಿಎಸ್‌ಪಿ (ಸದ್ದನ್ನು ಡಿಜಿಟಲ್ ಆಗಿ ತಿದ್ದುವ ಸಲಕರಣೆ) ಇದೆ. ಮುಕ್ಕಾಲು ಪಾಲು ಹಾಡು, ಉಳಿದದ್ದು ಸಿನಿಮಾ.

ಎಲ್ಲಿ ಓದಿದರೂ ಒಂದೇ ಮಾತು: ಸೀಲ್ಡ್ ಚುರುಕು, ಪೋರ್ಟೆಡ್ ಗುಂಯ್‌ಗುಡುತ್ತದೆ. ಈ ಡ್ರೈವರ್‌ಗೆ, ಈ ಕೋಣೆಗೆ ಆ ಮಾತು ಎಷ್ಟು ನಿಜ?

ಲೆಕ್ಕದ_ಮೇಸ್ಟ್ರು

ಚುರುಕಿನ ವಿಷಯ ಆಮೇಲೆ. ಮೊದಲು ಡ್ರೈವರ್ ಏನು ಹೇಳುತ್ತದೆ ನೋಡೋಣ.

ಎಫ್‌ಎಸ್ ಅನ್ನು ಕ್ಯೂಇಎಸ್‌ನಿಂದ ಭಾಗಿಸಿದರೆ 30 ÷ 0.44 = 68. ಈ ಸಂಖ್ಯೆ 50ಕ್ಕಿಂತ ಕಡಿಮೆಯಿದ್ದರೆ ಸೀಲ್ಡ್, 100ಕ್ಕಿಂತ ಹೆಚ್ಚಿದ್ದರೆ ಪೋರ್ಟೆಡ್ ಅನ್ನುವುದು ರೂಢಿ. ನಿಮ್ಮದು ನಡುವೆ ಕೂತಿದೆ, ಎರಡಕ್ಕೂ ಒಗ್ಗುವ ಡ್ರೈವರ್. ಹಾಗಾಗಿ ಎರಡನ್ನೂ ಲೆಕ್ಕ ಹಾಕಬಹುದು.

ಸೀಲ್ಡ್: ಕ್ಯೂಟಿಸಿ (ಡಬ್ಬದಲ್ಲಿ ಕೂತ ಮೇಲೆ ಡ್ರೈವರ್‌ನ ಕ್ಯೂ) = ಕ್ಯೂಟಿಎಸ್ × √(ವಿಎಎಸ್ ÷ ಡಬ್ಬದ ಲೀಟರ್ + 1). ಏರಿಳಿತವಿಲ್ಲದೆ ಇಳಿಯಬೇಕಾದರೆ ಕ್ಯೂಟಿಸಿ 0.707 ಬೇಕು. 0.707 ÷ 0.40 = 1.77, ಅದರ ವರ್ಗ 3.12, ಒಂದು ಕಳೆದರೆ 2.12. ಐವತ್ತನ್ನು 2.12ರಿಂದ ಭಾಗಿಸಿದರೆ ಡಬ್ಬ 23.5 ಲೀಟರ್. ಅನುರಣನವೂ ಅದೇ ಪಟ್ಟು ಏರುತ್ತದೆ: 30 × 1.77 = 53 ಹರ್ಟ್ಸ್. −3 ಡಿಬಿ ಬಿಂದುವೂ (ಸದ್ದು 3 ಡೆಸಿಬೆಲ್ ಇಳಿಯುವ ಆವರ್ತನ) ಅಲ್ಲೇ. ಅದರ ಕೆಳಗೆ ಪ್ರತಿ ಆಕ್ಟೇವ್‌ಗೆ (ಆವರ್ತನ ಅರ್ಧವಾದಾಗಲೆಲ್ಲ) 12 ಡಿಬಿ ಇಳಿತ. 29 ಹರ್ಟ್ಸ್‌ಗೆ ಬರುವಷ್ಟರಲ್ಲಿ 11 ಡಿಬಿ ಕಳೆದುಕೊಂಡಿರುತ್ತದೆ.

ಪೋರ್ಟೆಡ್: ಸಮತಟ್ಟಾದ ಪ್ರತಿಕ್ರಿಯೆಗೆ ಡಬ್ಬದ ಗಾತ್ರ = 15 × ಕ್ಯೂಟಿಎಸ್‌ನ 2.87ನೇ ಘಾತ × ವಿಎಎಸ್. ಅದು 54 ಲೀಟರ್ ಬರುತ್ತದೆ. ಟ್ಯೂನಿಂಗ್ (ಪೈಪಿನ ಗಾಳಿಯೂ ಡಬ್ಬದ ಗಾಳಿಯೂ ಸೇರಿ ಅನುರಣಿಸುವ ಆವರ್ತನ) ಸುಮಾರು 29 ಹರ್ಟ್ಸ್, −3 ಡಿಬಿ ಬಿಂದು 28 ಹರ್ಟ್ಸ್. ಅದರ ಕೆಳಗೆ ಆಕ್ಟೇವ್‌ಗೆ 24 ಡಿಬಿ, ಅಂದರೆ ಬಂಡೆಯಂಚಿನಿಂದ ಬಿದ್ದ ಹಾಗೆ.

ಡಬ್ಬ ಎರಡರಷ್ಟಕ್ಕಿಂತ ದೊಡ್ಡದು, ಬೇಸ್ ಸುಮಾರು ಒಂದು ಆಕ್ಟೇವ್ ಆಳ. ಡಬ್ಬದ ಗಾತ್ರ, ಬೇಸ್‌ನ ಆಳ, ದಕ್ಷತೆ ಈ ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಬಹುದು ಅನ್ನುವುದಕ್ಕೆ ಹಾಫ್‌ಮನ್‌ನ ಕಬ್ಬಿಣದ ನಿಯಮ ಅಂತ ಹೆಸರು. ಡಿಎಸ್‌ಪಿ ಬಂದರೂ ಆ ನಿಯಮ ಸಡಿಲವಾಗಿಲ್ಲ.

ಸೀಲ್ಡ್_ಪಕ್ಷ

ಲೆಕ್ಕ ಸರಿ. ಆದರೆ ಅದು ಬಯಲಿನ ಲೆಕ್ಕ, ಕೋಣೆಯದ್ದಲ್ಲ. 12 ಅಡಿ ಅಂದರೆ 3.66 ಮೀಟರ್. ಶಬ್ದದ ವೇಗ 343ನ್ನು ಅದರ ಎರಡರಷ್ಟರಿಂದ ಭಾಗಿಸಿದರೆ 47 ಹರ್ಟ್ಸ್. ಅದರ ಕೆಳಗೆ ಕೋಣೆಯೇ ಒಂದು ಒತ್ತಡದ ಡಬ್ಬವಾಗುತ್ತದೆ, ಬೇಸ್ ತಾನಾಗಿ ಏರುತ್ತದೆ. ಪೂರ್ತಿ ಮುಚ್ಚಿದ, ಬಿಗಿಯಾದ ಕೋಣೆಯಲ್ಲಿ ಸೈದ್ಧಾಂತಿಕವಾಗಿ ಆಕ್ಟೇವ್‌ಗೆ 12 ಡಿಬಿ. ಬಾಗಿಲು, ಕಿಟಕಿಯ ಸಂದಿಯಲ್ಲಿ ಸೋರುವುದನ್ನು ಕಳೆದರೂ 29 ಹರ್ಟ್ಸ್‌ನಲ್ಲಿ 3ರಿಂದ 6 ಡಿಬಿ ಸಿಗುತ್ತದೆ. ಇಟ್ಟಿಗೆ ಗೋಡೆ, ಆರ್‌ಸಿಸಿ ಚಾವಣಿ ಇದಕ್ಕೆ ಅತ್ಯುತ್ತಮ. ಸೀಲ್ಡ್ ಡಬ್ಬದ ಇಳಿಜಾರೂ ಕೋಣೆಯ ಏರುಜಾರೂ ಒಂದನ್ನೊಂದು ಸರಿದೂಗಿಸುತ್ತವೆ. ಬಯಲಿನಲ್ಲಿ ಸಮತಟ್ಟಾಗಿದ್ದ ಪೋರ್ಟೆಡ್ ಡಬ್ಬ ಅದೇ ಕೋಣೆಯಲ್ಲಿ 30 ಹರ್ಟ್ಸ್ ಸುತ್ತ ಉಬ್ಬುತ್ತದೆ. ಜನ ಗುಂಯ್ ಅನ್ನುವುದರಲ್ಲಿ ದೊಡ್ಡ ಪಾಲು ಈ ಉಬ್ಬಿನದು.

ಇನ್ನೊಂದು ದೊಡ್ಡ ಕಾರಣ, ಸೀಲ್ಡ್ ಡಬ್ಬ ತಪ್ಪನ್ನು ಸಹಿಸುತ್ತದೆ. ಡಬ್ಬದ ಗಾತ್ರ ಶೇ. 10 ಆಚೀಚೆ ಆದರೆ ಕ್ಯೂಟಿಸಿ 0.69 ಅಥವಾ 0.73 ಆಗುತ್ತದೆ, ಕಿವಿಗೆ ಗೊತ್ತೇ ಆಗುವುದಿಲ್ಲ. ಪೋರ್ಟ್ ಟ್ಯೂನಿಂಗ್ ತಪ್ಪಿದರೆ ಇಡೀ ಕೆಲಸ ಹಾಳು. ಎಡ್ಗರ್ ವಿಲ್ಚರ್ 1954ರಲ್ಲಿ ಎಆರ್-1 ತಂದಾಗ ಜನರನ್ನು ಬೆರಗುಗೊಳಿಸಿದ್ದು ಇದೇ ಗುಣ: ಸಣ್ಣ ಡಬ್ಬ, ಒಳಗಿನ ಗಾಳಿಯೇ ಸ್ಪ್ರಿಂಗ್, ಕಡಿಮೆ ವಿರೂಪ. ಸ್ಟುಡಿಯೋಗಳಲ್ಲಿ ದಶಕಗಟ್ಟಲೆ ನಿಂತ ಯಮಹಾ ಎನ್‌ಎಸ್-10 ಕೂಡ ಸೀಲ್ಡೇ.

ಲೆಕ್ಕದ_ಮೇಸ್ಟ್ರು

ಕೋಣೆಯ ಮಾತು ಪೂರ್ತಿ ಒಪ್ಪುತ್ತೇನೆ. ಆದರೆ ಸೀಲ್ಡ್ ಡಬ್ಬದ ನಿಜವಾದ ಮಿತಿ ಇಳಿಜಾರಿನಲ್ಲಿಲ್ಲ, ಕೋನ್ ಎಷ್ಟು ಗಾಳಿ ತಳ್ಳಬಲ್ಲದು ಅನ್ನುವುದರಲ್ಲಿದೆ.

ನೆಲದ ಮೇಲಿಟ್ಟ ಸಬ್‌ನಿಂದ 1 ಮೀಟರ್ ದೂರದಲ್ಲಿ 29 ಹರ್ಟ್ಸ್, 100 ಡಿಬಿ ಬರಬೇಕಾದರೆ ಗಾಳಿಯ ಸ್ಥಳಾಂತರ ಶಿಖರದಲ್ಲಿ ಸುಮಾರು 446 ಘನ ಸೆಂ.ಮೀ. ಬೇಕು. ಅದನ್ನು 215ರಿಂದ ಭಾಗಿಸಿದರೆ ಕೋನ್ ಒಂದು ಕಡೆಗೆ 21 ಮಿ.ಮೀ. ಚಲಿಸಬೇಕು. ನಿಮ್ಮ ಡ್ರೈವರ್‌ನಲ್ಲಿರುವುದು 8. ಹಾಗಾಗಿ ಸೀಲ್ಡ್‌ನಲ್ಲಿ 29 ಹರ್ಟ್ಸ್‌ಗೆ ಮೇಲ್ಮಿತಿ ಸುಮಾರು 92 ಡಿಬಿ. 40 ಹರ್ಟ್ಸ್‌ನಲ್ಲಿ ಅದು 97ಕ್ಕೆ ಏರುತ್ತದೆ. ಈಕ್ಯೂ (ಆಯ್ದ ಆವರ್ತನವನ್ನು ಎತ್ತುವ ತಿದ್ದುಪಡಿ) ಹಾಕಿ, 1000 ವ್ಯಾಟ್ ಕೊಡಿ, ಈ ಮಿತಿ ಕದಲುವುದಿಲ್ಲ.

ಪೋರ್ಟೆಡ್ ಡಬ್ಬದಲ್ಲಿ ಟ್ಯೂನಿಂಗ್ ಆವರ್ತನದ ಹತ್ತಿರ ಕೋನ್ ಹೆಚ್ಚುಕಡಿಮೆ ನಿಂತೇಬಿಡುತ್ತದೆ, ಕೆಲಸವನ್ನೆಲ್ಲ ಪೈಪಿನೊಳಗಿನ ಗಾಳಿ ಮಾಡುತ್ತದೆ. ಈ ಡ್ರೈವರ್‌ನ ದಕ್ಷತೆ 1 ವ್ಯಾಟ್‌ಗೆ ಸುಮಾರು 87 ಡಿಬಿ. 40 ವ್ಯಾಟ್ ಕೊಟ್ಟರೆ ಸೀಲ್ಡ್ ಡಬ್ಬ 29 ಹರ್ಟ್ಸ್‌ನಲ್ಲಿ 92 ಡಿಬಿ ಕೊಟ್ಟು ಎಕ್ಸ್‌ಮ್ಯಾಕ್ಸ್ ಮುಟ್ಟುತ್ತದೆ. ಅದೇ 40 ವ್ಯಾಟ್‌ಗೆ ಪೋರ್ಟೆಡ್ ಡಬ್ಬ 100 ಡಿಬಿ ಕೊಡುತ್ತದೆ, ಕೋನ್ ಇನ್ನೂ ಆರಾಮಾಗಿರುತ್ತದೆ.

ಇಂಥದೇ ಇನ್ನೊಂದು ಡ್ರೈವರ್ ತಂದು ಎರಡನ್ನೂ 47 ಲೀಟರ್ ಸೀಲ್ಡ್ ಡಬ್ಬದಲ್ಲಿ ಕೂರಿಸಿದರೆ 92 ಹೋಗಿ 98 ಆಗುತ್ತದೆ. ಡಬ್ಬದ ಗಾತ್ರ ಪೋರ್ಟೆಡ್‌ನ ಹತ್ತಿರಹತ್ತಿರಕ್ಕೆ ಬಂತು, ಡ್ರೈವರ್ ಖರ್ಚು ಎರಡರಷ್ಟಾಯಿತು.

ಸೀಲ್ಡ್_ಪಕ್ಷ

ಸಂಖ್ಯೆಗಳಿಗೆ ಎದುರಾಡುವುದಿಲ್ಲ. ಆದರೆ 12×10 ಕೋಣೆಯಲ್ಲಿ ಹಾಡು ಕೇಳುವವರಿಗೆ 29 ಹರ್ಟ್ಸ್‌ನಲ್ಲಿ 100 ಡಿಬಿ ಬೇಕೇ? ನಾಲ್ಕು ತಂತಿಯ ಬೇಸ್ ಗಿಟಾರ್‌ನ ಅತಿ ಕೆಳಗಿನ ಸ್ವರ 41 ಹರ್ಟ್ಸ್, ಐದು ತಂತಿಯದ್ದು 31. ಕೋಣೆಯ ಏರಿಕೆ ಸೇರಿಸಿದರೆ 40 ಹರ್ಟ್ಸ್‌ನ 97 ಡಿಬಿ ಹಾಡಿಗೆ ಧಾರಾಳ. ಉಳಿದದ್ದು ಸಿನಿಮಾದ ಸ್ಫೋಟಗಳಿಗೆ ಮಾತ್ರ. ಆಮೇಲೆ ಚುರುಕಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಪೋರ್ಟೆಡ್‌ನಂಥ ನಾಲ್ಕನೇ ದರ್ಜೆಯ (ಆಕ್ಟೇವ್‌ಗೆ 24 ಡಿಬಿ ಇಳಿಯುವ) ವ್ಯವಸ್ಥೆಗೆ ಗ್ರೂಪ್ ಡಿಲೇ (ಆಯಾ ಆವರ್ತನದ ಸದ್ದು ಹೊರಬರಲು ಆಗುವ ತಡ) ಹೆಚ್ಚು, ಅದು ಪಠ್ಯಪುಸ್ತಕದ ಮಾತು.

ತುಂಬುನಾದ

ಗ್ರೂಪ್ ಡಿಲೇ ಹೆಚ್ಚು ಅನ್ನುವುದು ನಿಜ. ಯಾವ ಆವರ್ತನದಲ್ಲಿ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಮೇಲಿನ ಎರಡು ಡಬ್ಬಗಳನ್ನೇ ತೆಗೆದುಕೊಳ್ಳಿ. 28 ಹರ್ಟ್ಸ್ ಪೋರ್ಟೆಡ್ ಡಬ್ಬದಲ್ಲಿ ಟ್ಯೂನಿಂಗ್ ಹತ್ತಿರ ಡಿಲೇ ಸುಮಾರು 21 ಮಿಲಿಸೆಕೆಂಡ್. 28 ಹರ್ಟ್ಸ್‌ನ ಒಂದು ಆವರ್ತವೇ 36 ಮಿಲಿಸೆಕೆಂಡ್ ಅನ್ನುವುದು ನೆನಪಿರಲಿ. ಈಗ ಕಿಕ್ ಡ್ರಮ್‌ನ ಗುದ್ದು ಇರುವ 55 ಹರ್ಟ್ಸ್‌ಗೆ ಬನ್ನಿ. ಪೋರ್ಟೆಡ್ ಡಬ್ಬದ ಡಿಲೇ ಅಲ್ಲಿ ಸುಮಾರು 4 ಮಿಲಿಸೆಕೆಂಡ್. 23.5 ಲೀಟರ್ ಸೀಲ್ಡ್ ಡಬ್ಬದ್ದು? ಅದೂ ಸುಮಾರು 4. ವ್ಯತ್ಯಾಸವೇ ಇಲ್ಲ.

ಹಾಗಾದರೆ ಪೋರ್ಟೆಡ್ ನಿಧಾನ ಅನ್ನುವ ಹೆಸರು ಎಲ್ಲಿಂದ ಬಂತು? ಡಬ್ಬ ಸಣ್ಣದಿರಲಿ, ಸದ್ದು ಜೋರಿರಲಿ ಅಂತ 50 ಹರ್ಟ್ಸ್‌ಗೆ ಟ್ಯೂನ್ ಮಾಡಿದ ಅಗ್ಗದ ಡಬ್ಬಗಳಿಂದ. ಅಲ್ಲಿ ಡಿಲೇಯ ಶಿಖರ 12 ಮಿಲಿಸೆಕೆಂಡ್, ಅದೂ ಸರಿಯಾಗಿ ತಾಳದ ಆವರ್ತನದ ಮೇಲೇ ಬರುತ್ತದೆ. ಜೊತೆಗೆ ಕ್ಯೂಟಿಎಸ್ 0.6 ಇರುವ ಡ್ರೈವರ್ ಹಾಕಿದ್ದರೆ ಪ್ರತಿಕ್ರಿಯೆಯಲ್ಲಿ ಒಂದು ಗುಡ್ಡ ಎದ್ದು, ಯಾವ ಸ್ವರ ನುಡಿಸಿದರೂ ಒಂದೇ ಸ್ವರ ಕೇಳುತ್ತದೆ. ದೋಷ ಪೋರ್ಟಿನದ್ದಲ್ಲ, ಟ್ಯೂನಿಂಗ್‌ನದ್ದು. 29 ಹರ್ಟ್ಸ್‌ಗೆ ಸರಿಯಾಗಿ ಟ್ಯೂನ್ ಆದ ಡಬ್ಬವನ್ನೂ ಆ ಡಬ್ಬವನ್ನೂ ಒಂದೇ ಹೆಸರಿನಿಂದ ಕರೆಯುವುದು ಅನ್ಯಾಯ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಇದೇ ತಪ್ಪು ತಿರುಗುಮುರುಗಾಗಿಯೂ ಆಗುತ್ತದೆ. ಕ್ಯೂಟಿಎಸ್ 0.30 ಇರುವ ಡ್ರೈವರ್ ಅನ್ನು ಸೀಲ್ಡ್ ಮಾಡಿ 0.707 ಮುಟ್ಟಿಸಲು ಹೋದರೆ ಡಬ್ಬ ವಿಎಎಸ್‌ನ ಕಾಲು ಭಾಗಕ್ಕಿಂತ ಚಿಕ್ಕದಾಗುತ್ತದೆ, ಅನುರಣನ ಎಫ್‌ಎಸ್‌ನ 2.36 ಪಟ್ಟು ಏರುತ್ತದೆ. 30 ಹರ್ಟ್ಸ್ ಡ್ರೈವರ್ 71 ಹರ್ಟ್ಸ್‌ನಿಂದಲೇ ಇಳಿಯಲು ಶುರು. ಆಗ ಸೀಲ್ಡ್ ಸಪ್ಪೆ ಅಂತ ಬೈಯುತ್ತಾರೆ.

ಹೊಸಚಿಗುರು

ಪೋರ್ಟ್ ಅಂದರೆ ಒಳಗಿನ ಗಾಳಿ ಹೊರಗೆ ಹೋಗಲು ಬಿಟ್ಟ ತೂತು ಅಂದುಕೊಂಡಿದ್ದೆ. ತೂತು ದೊಡ್ಡದಾದಷ್ಟೂ ಬೇಸ್ ಹೆಚ್ಚಲ್ಲವೇ?

ತುಂಬುನಾದ

ಅಲ್ಲ. ಪೈಪಿನೊಳಗಿನ ಗಾಳಿ ಒಂದು ತೂಕ, ಡಬ್ಬದೊಳಗಿನ ಗಾಳಿ ಒಂದು ಸ್ಪ್ರಿಂಗ್. ಎರಡೂ ಸೇರಿ ಒಂದೇ ಆವರ್ತನದಲ್ಲಿ ತೂಗುತ್ತವೆ, ಕಿರಿಬಾಯಿಯ ಖಾಲಿ ಬಿಂದಿಗೆಯ ಬಾಯಿಗೆ ಊದಿದರೆ ಒಂದೇ ಸ್ವರ ಹೊಮ್ಮುವ ಹಾಗೆ. ಬಾಯಿ ಅಗಲ ಮಾಡಿ ಉದ್ದ ಹಾಗೇ ಬಿಟ್ಟರೆ ಆವರ್ತನ ಮೇಲೇರುತ್ತದೆ, ಅಂದರೆ ಆಳದ ಬೇಸ್ ಕಡಿಮೆಯಾಗುತ್ತದೆ. ಅಗಲ ಮಾಡಿದಷ್ಟೂ ಪೈಪು ಉದ್ದವಾಗಬೇಕು. ಬೆಲ್ ಲ್ಯಾಬ್ಸ್‌ನ ಆಲ್ಬರ್ಟ್ ಥುರಾಸ್ 1932ರಲ್ಲಿ ಪೇಟೆಂಟ್ ಪಡೆದ ಉಪಾಯ ಇದೇ. ಆದರೆ ಯಾವ ಡ್ರೈವರ್‌ಗೆ ಎಷ್ಟು ಲೀಟರ್, ಎಷ್ಟು ಹರ್ಟ್ಸ್ ಅಂತ ಕರಾರುವಾಕ್ಕಾಗಿ ಹೇಳುವ ದಾರಿ ತೋರಿದ್ದು ಆಸ್ಟ್ರೇಲಿಯಾದ ನೆವಿಲ್ ಥೀಲ್, 1961ರ ಪ್ರಬಂಧದಲ್ಲಿ. 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ವಿಸ್ತರಿಸಿದರು. ನಡುವಿನ ಮೂವತ್ತು ವರ್ಷ ಕಟ್ಟಿದವರಲ್ಲಿ ಹೆಚ್ಚಿನವರು ಅಂದಾಜಿನಲ್ಲೇ ಕಟ್ಟಿದರು. ಬೇಸ್ ರಿಫ್ಲೆಕ್ಸ್‌ಗೆ, ಅಂದರೆ ಪೋರ್ಟೆಡ್ ಡಬ್ಬಕ್ಕೆ, ಅಂಟಿದ ಕೆಟ್ಟ ಹೆಸರಿನ ಬೇರು ಆ ಕಾಲದಲ್ಲೂ ಇದೆ.

ಮಂದ್ರ_12

ಅರ್ಥವಾಗುತ್ತಿದೆ. ಪೋರ್ಟೆಡ್ ಕಡೆ ವಾಲುತ್ತಿದ್ದೇನೆ. ಅಂಗಡಿಯಲ್ಲಿ ಸಿಗುವ ಪಿವಿಸಿ ಪೈಪ್ ಬಳಸಬಹುದೇ? 110 ಮಿ.ಮೀ. ಪೈಪ್ ಸುಲಭವಾಗಿ ಸಿಗುತ್ತದೆ.

ಲೆಕ್ಕದ_ಮೇಸ್ಟ್ರು

ಬಳಸಬಹುದು. ಆದರೆ ಪಿವಿಸಿ ಪೈಪಿನ ಮೇಲೆ ಬರೆದಿರುವುದು ಹೊರವ್ಯಾಸ. ಲೆಕ್ಕಕ್ಕೆ ಬೇಕಾದದ್ದು ಒಳವ್ಯಾಸ, ಅದು ಗೋಡೆಯ ದಪ್ಪದ ಮೇಲೆ ಬದಲಾಗುತ್ತದೆ. ಕ್ಯಾಲಿಪರ್ ಹಾಕಿ ಅಳೆಯಿರಿ.

ಉದ್ದ, ಸೆಂ.ಮೀ.ನಲ್ಲಿ = 23562.5 × ಒಳವ್ಯಾಸದ ವರ್ಗ ÷ (ಟ್ಯೂನಿಂಗ್‌ನ ವರ್ಗ × ಲೀಟರ್) − 0.732 × ಒಳವ್ಯಾಸ. ಒಂದು ತುದಿ ಹಲಗೆಗೆ ಸಮನಾಗಿ, ಇನ್ನೊಂದು ತುದಿ ಡಬ್ಬದೊಳಗೆ ತೆರೆದಿದ್ದಾಗ ಈ 0.732. 54 ಲೀಟರ್, 29 ಹರ್ಟ್ಸ್‌ಗೆ ಮೂರು ಪೈಪುಗಳನ್ನು ಹಾಕಿ ನೋಡಿದೆ:

75ರ ಪೈಪ್, ಒಳವ್ಯಾಸ 7.0 ಸೆಂ.ಮೀ.: ಉದ್ದ 20.3. ಗಾಳಿಯ ವೇಗ 100 ಡಿಬಿಯಲ್ಲಿ ಸೆಕೆಂಡಿಗೆ 21 ಮೀಟರ್.
90ರ ಪೈಪ್, ಒಳವ್ಯಾಸ 8.5: ಉದ್ದ 31.3. ವೇಗ 14.
110ರ ಪೈಪ್, ಒಳವ್ಯಾಸ 10.4: ಉದ್ದ 48.5. ವೇಗ 10ಕ್ಕಿಂತ ಸ್ವಲ್ಪ ಕಡಿಮೆ.

ವೇಗ 17 ಮೀಟರ್ ದಾಟಿದರೆ ಪೈಪಿನ ಬಾಯಲ್ಲಿ ಗಾಳಿ ಸುಳಿದು ಬುಸ್‌ಬುಸ್ ಶುರುವಾಗುತ್ತದೆ. ಅಷ್ಟೇ ಅಲ್ಲ, ಜೋರು ಮಾಡಿದಷ್ಟೂ ಪೋರ್ಟ್‌ನ ಕೊಡುಗೆ ಕುಗ್ಗುತ್ತದೆ. ಹಾಗಾಗಿ 75 ಬೇಡ. 110ರದ್ದು ಸದ್ದು ಮಾಡದು, ಆದರೆ ಅರ್ಧ ಮೀಟರ್ ಪೈಪನ್ನು ಈ ಡಬ್ಬದಲ್ಲಿ ನೇರವಾಗಿ ಇಡಲು ಜಾಗವಿಲ್ಲ, ಮೊಣಕೈ ಹಾಕಬೇಕು. ಅದೂ ಅಲ್ಲದೆ ಉದ್ದದ ಪೈಪ್ ತಾನೇ ಒಂದು ಕೊಳಲು: 110ರದ್ದು ಸುಮಾರು 306 ಹರ್ಟ್ಸ್‌ನಲ್ಲಿ, 90ರದ್ದು 457ರಲ್ಲಿ ಅನುರಣಿಸುತ್ತದೆ. 80 ಹರ್ಟ್ಸ್‌ಗೆ ಕ್ರಾಸ್‌ಓವರ್ ಹಾಕುವ (ಅದರ ಮೇಲಿನದನ್ನು ಮುಖ್ಯ ಸ್ಪೀಕರ್‌ಗಳಿಗೆ ಬಿಡುವ) ಸಬ್‌ಗೆ ಎರಡೂ ತೊಂದರೆಯಲ್ಲ, ಆದರೂ ದೂರವಿದ್ದಷ್ಟು ಒಳ್ಳೆಯದು. 90ರ ಪೈಪ್ ತೆಗೆದುಕೊಳ್ಳಿ.

ಮೊಣಕೈ ಹಾಕುವವರು ಉದ್ದವನ್ನು ಪೈಪಿನ ನಡುಗೆರೆಯ ಮೇಲೆ ಅಳೆಯಬೇಕು. ಹೊರಬಾಗಿನ ಮೇಲೆ ಅಳೆದು ಕತ್ತರಿಸಿದರೆ ಪೈಪು ಗಿಡ್ಡವಾಗಿ ಟ್ಯೂನಿಂಗ್ ಮೇಲೇರುತ್ತದೆ.

ಬಡಗಿ_ಮಲೆನಾಡು

ಈಗ ಹಲಗೆ. 54 ಲೀಟರ್ ಅನ್ನುವುದು ನಿವ್ವಳ. ಅದಕ್ಕೆ ಪೈಪಿನ 2 ಲೀಟರ್, ಡ್ರೈವರ್‌ನ 1.5, ಒಳಗಿನ ಬಿಗಿಪಟ್ಟಿಗೆ 1.5 ಸೇರಿಸಿ 59 ಲೀಟರ್ ಒಳಗಾತ್ರ ಬೇಕು. ಒಳಅಳತೆ 320 × 380 × 485 ಮಿ.ಮೀ. ಇಟ್ಟರೆ ಸರಿಯಾಗಿ ಬರುತ್ತದೆ. ಮೂರೂ ಅಳತೆ ಬೇರೆಬೇರೆ ಇರುವುದು ಒಳಗಿನ ಪ್ರತಿಧ್ವನಿ ಒಂದೇ ಕಡೆ ಗುಡ್ಡೆಯಾಗದಿರಲಿ ಅಂತ.

18 ಮಿ.ಮೀ. ಹಲಗೆಯಲ್ಲಿ ಕೊಯ್ಲು: ಪಕ್ಕದವು ಎರಡು 485 × 380, ಮೇಲಿನದು ಕೆಳಗಿನದು 356 × 380, ಮುಂದಿನದು ಹಿಂದಿನದು 356 × 521. ನಾಲ್ಕು ಅಡಿ ಚೌಕದ ಅರ್ಧ ಶೀಟಿನಲ್ಲಿ ಬಿಗಿಪಟ್ಟಿ ಸಮೇತ ಮುಗಿಯುತ್ತದೆ. ಅಂಗಡಿಯ ಪ್ಯಾನಲ್ ಗರಗಸದಲ್ಲೇ ಕೊಯ್ಯಿಸಿ. ಕೈಗರಗಸದಲ್ಲಿ 2 ಮಿ.ಮೀ. ಓರೆಯಾದರೂ ಸಂದಿ ಬಿಡುತ್ತದೆ, ಸಂದಿ ಅಂದರೆ ಸೋರಿಕೆ.

ಯಾವ ಹಲಗೆ ಅನ್ನುವುದು ಊರಿನ ಮೇಲೆ. ಬಯಲುಸೀಮೆಯಲ್ಲಿ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಚೆನ್ನ. ಒಂದೇ ಸಾಂದ್ರತೆ, ಕೊರೆಯಲು ಸುಲಭ, ತಾನಾಗಿ ದನಿ ಮಾಡದು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮಾಮೂಲಿ ಎಂಡಿಎಫ್‌ನ ಕೊಯ್ದ ಅಂಚು ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ಸ್ಕ್ರೂ ಹಿಡಿತ ಬಿಡುತ್ತದೆ, ಹಿಂದೆಯೇ ಸೋರಿಕೆ. ಅಲ್ಲಿ ಐಎಸ್ 710 ಮುದ್ರೆಯ ಮರೈನ್ ಪ್ಲೈ ಅಥವಾ ಎಚ್‌ಡಿಎಚ್‌ಎಂಆರ್ (ತೇವ ತಡೆಯುವ ದಟ್ಟ ಹಲಗೆ) ಬಳಸಿ. ಎಂಡಿಎಫ್‌ನಲ್ಲೇ ಮಾಡುವುದಿದ್ದರೆ ಅಂಚುಗಳಿಗೆ, ಡ್ರೈವರ್ ತೂತಿನ ಒಳಬದಿಗೂ ಸೇರಿಸಿ, ಎರಡು ಪದರ ಸೀಲರ್ ಬಳಿಯಲೇಬೇಕು. ಕತ್ತರಿಸಿದ ಅಂಚು ಬಿಟ್ಟು ಹೊರಮೈಗೆ ಮಾತ್ರ ಪೇಂಟ್ ಹೊಡೆಯುವುದು ಎಲ್ಲ ಕಡೆ ಕಾಣುವ ತಪ್ಪು.

ಜೋಡಣೆಗೆ ಮರದ ಬಿಳಿ ಅಂಟು, ಕ್ಲಾಂಪ್, ಒಂದು ರಾತ್ರಿ ಬಿಡುವು. ಎಂಡಿಎಫ್ ಅಂಚಿಗೆ ಸ್ಕ್ರೂ ಹಾಕುವುದಾದರೆ ಮೊದಲು 3 ಮಿ.ಮೀ. ಪೈಲಟ್ ತೂತು, ಇಲ್ಲದಿದ್ದರೆ ಅಂಚು ಸೀಳುತ್ತದೆ. ಒಣಗಿದ ಮೇಲೆ ಒಳಮೂಲೆಗಳ ಉದ್ದಕ್ಕೂ ಇನ್ನೊಮ್ಮೆ ಅಂಟು ಎಳೆಯಿರಿ. ನಡುವೆ ಕಿಟಕಿಯಂತೆ ಕೊರೆದ 18 ಮಿ.ಮೀ. ಬಿಗಿಪಟ್ಟಿ ಒಂದು ಸಾಕು. ಆದರೆ ಸರಿಯಾಗಿ ಮಧ್ಯಕ್ಕೆ ಇಡಬೇಡಿ, 40–60 ಪಾಲಿನಲ್ಲಿಡಿ. ಡ್ರೈವರ್‌ಗೆ ಮರದ ಸ್ಕ್ರೂ ಬೇಡ, ಎಂ5 ಟಿ-ನಟ್ (ಹಲಗೆಯ ಹಿಂಬದಿಗೆ ಕಚ್ಚಿ ಕೂರುವ ಲೋಹದ ನಟ್) ಹಾಕಿ. ನಡುವೆ ಫೋಮ್ ಗ್ಯಾಸ್ಕೆಟ್ ಟೇಪ್ ಇರಲಿ.

ಪೈಪಿನ ಒಳತುದಿಗೂ ಹಿಂದಿನ ಹಲಗೆಗೂ ಕನಿಷ್ಠ ಒಂದು ಒಳವ್ಯಾಸದಷ್ಟು ಜಾಗ ಬೇಕು. ಇಲ್ಲಿ 380 + 18 − 313 = 85 ಮಿ.ಮೀ., ಸರಿಯಾಗಿ ಅಂಚಿನಲ್ಲಿದೆ. ಆಳವನ್ನು ಇದಕ್ಕಿಂತ ಕಡಿಮೆ ಮಾಡಿದರೆ ಟ್ಯೂನಿಂಗ್ ಕೆಳಗೆ ಜಾರುತ್ತದೆ, ಬುಸ್ ಸದ್ದೂ ಹೆಚ್ಚುತ್ತದೆ. ಎರಡೂ ತುದಿಗಳ ಅಂಚನ್ನು ದುಂಡಗೆ ಮಾಡಿ: ಹೊರಗೆ ರೂಟರ್‌ನಲ್ಲಿ 12 ಮಿ.ಮೀ. ತ್ರಿಜ್ಯ, ಒಳಗೆ ಹೀಟ್ ಗನ್‌ನಿಂದ ಪೈಪಿನ ತುದಿಯನ್ನು ಸ್ವಲ್ಪ ಅರಳಿಸಿದರೂ ಸಾಕು.

ಸೀಲ್ಡ್_ಪಕ್ಷ

ಸೀಲ್ಡ್ ಮಾಡುವವರಿಗೂ ಎರಡು ಸಾಲು ಇರಲಿ. ಒಳಅಳತೆ 280 × 280 × 330 ಮಿ.ಮೀ. ಇಟ್ಟರೆ ಡ್ರೈವರ್, ಬಿಗಿಪಟ್ಟಿ ಕಳೆದು 23.5 ಲೀಟರ್ ಉಳಿಯುತ್ತದೆ. ಒಳಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ, ಲೀಟರ್‌ಗೆ 8ರಿಂದ 16 ಗ್ರಾಂ. ಇಲ್ಲಿ ಸುಮಾರು 280 ಗ್ರಾಂ. ಚೆನ್ನಾಗಿ ಬಿಡಿಸಿ ತುಂಬಬೇಕು, ಉಂಡೆ ಉಳಿಯಬಾರದು. ಡಬ್ಬ ಶೇ. 10–20 ದೊಡ್ಡದಾದಂತೆ ವರ್ತಿಸುತ್ತದೆ. ಗಿಡಿದು ತುಂಬಿದರೆ ಹತ್ತಿಯೇ ಜಾಗ ತಿಂದು ಉಲ್ಟಾ ಆಗುತ್ತದೆ.

ಪೋರ್ಟೆಡ್ ಡಬ್ಬಕ್ಕೆ ಹೀಗೆ ತುಂಬಬಾರದು. ಗೋಡೆಗಳಿಗೆ 25 ಮಿ.ಮೀ. ಹೊದಿಕೆ ಮಾತ್ರ. ಪೈಪಿನ ಬಾಯಿಯ ಸುತ್ತ ಖಾಲಿ ಇರಲಿ, ಇಲ್ಲದಿದ್ದರೆ ಎಳೆಗಳು ಪೈಪಿಗೆ ಹೀರಿಕೊಂಡು ಬರುತ್ತವೆ.

ಹೆದ್ದಾರಿ_ಧ್ವನಿ

ಕಾರಿನವರು ಇದನ್ನು ಓದಿ 54 ಲೀಟರ್ ಕಟ್ಟಿಬಿಡಬೇಡಿ. ಸಣ್ಣ ಕಾರಿನ ಒಳಗೆ 60–70 ಹರ್ಟ್ಸ್‌ನಿಂದಲೇ ಒತ್ತಡದ ಏರಿಕೆ ಶುರುವಾಗಿ ಆಕ್ಟೇವ್‌ಗೆ 12 ಡಿಬಿ ಹತ್ತಿರ ಹೋಗುತ್ತದೆ. 53 ಹರ್ಟ್ಸ್‌ನಿಂದ ಇಳಿಯುವ ಸೀಲ್ಡ್ ಡಬ್ಬ ಅಲ್ಲಿ ಹೆಚ್ಚುಕಡಿಮೆ ಸಮತಟ್ಟಾಗಿ ಕೇಳುತ್ತದೆ. ಡಿಕ್ಕಿಯಲ್ಲಿ ಜಾಗವೂ ಉಳಿಯುತ್ತದೆ. ರೆಡಿಮೇಡ್ ಪೋರ್ಟೆಡ್ ಡಬ್ಬ ಕೊಳ್ಳುವುದಾದರೆ ಟ್ಯೂನಿಂಗ್ ಎಷ್ಟು ಅಂತ ಕೇಳಿ. 45ರ ಮೇಲಿದ್ದರೆ ಅದು ಜೋರಿಗಾಗಿ ಮಾಡಿದ್ದು, ಹಾಡಿಗಾಗಿ ಅಲ್ಲ.

ದೂರದೂರು

ಅಮೆರಿಕದ ಮರದ ಚೌಕಟ್ಟಿನ ಮನೆಗಳಲ್ಲಿ ಇರುವವರಿಗೆ ಮೇಲಿನ ಕೋಣೆಯ ಲೆಕ್ಕ ಹಾಗೇ ಅನ್ವಯಿಸದು. ಅರ್ಧ ಇಂಚಿನ ಜಿಪ್ಸಮ್ ಗೋಡೆ ಕೆಳ ಆವರ್ತನದಲ್ಲಿ ಬಾಗುತ್ತದೆ, ಬೇಸ್ ಹೀರುತ್ತದೆ, ಆಚೆಗೂ ಬಿಡುತ್ತದೆ. ಹಾಲ್, ಅಡುಗೆಮನೆ, ಮೆಟ್ಟಿಲು ಎಲ್ಲ ಒಂದೇ ತೆರೆದ ಜಾಗವಾಗಿದ್ದರೆ ಒತ್ತಡ ಕಟ್ಟುವುದೇ ಇಲ್ಲ. 8 ಇಂಚಿನ ಸೀಲ್ಡ್ ಅಲ್ಲಿ ಕಳೆದುಹೋಗುತ್ತದೆ. ಪೋರ್ಟೆಡ್, ಅದೂ 12 ಇಂಚು, ಅಥವಾ ಎರಡು ಸಬ್ ಬೇಕು. ಊರಿನ ಮಂಗಳೂರು ಹೆಂಚಿನ ಮನೆಗಳೂ ಇದೇ ಗುಂಪಿಗೆ ಸೇರುತ್ತವೆ. ಹೆಂಚಿನ ಸಂದಿಯಲ್ಲಿ ಗಾಳಿಯಾಡುತ್ತದೆ, ಕೋಣೆಯ ಏರಿಕೆಯನ್ನು ನಂಬಿ ಡಬ್ಬ ಕಟ್ಟಬಾರದು.

ಮಂದ್ರ_12

ಸಬ್‌ಸೋನಿಕ್ ಫಿಲ್ಟರ್, ಅಂದರೆ ತೀರಾ ಕೆಳಗಿನ ಆವರ್ತನವನ್ನು ತಡೆಯುವ ಹೈಪಾಸ್ ಫಿಲ್ಟರ್, ಅದರ ಬಗ್ಗೆ ಯಾರೂ ಹೇಳಲಿಲ್ಲ. ಬೇಕೇ?

ತುಂಬುನಾದ

ಬೇಕೇ ಬೇಕು. 29 ಹರ್ಟ್ಸ್‌ನ ಕೆಳಗೆ ಪೈಪಿನ ಗಾಳಿ ಕೋನ್‌ಗೆ ಪ್ರತಿರೋಧ ಕೊಡುವುದಿಲ್ಲ. ಕೋನ್ ಹೊರಗೆ ತಳ್ಳಿದ್ದನ್ನು ಪೈಪ್ ಒಳಗೆ ಎಳೆಯುತ್ತದೆ, ಸದ್ದು ರದ್ದಾಗುತ್ತದೆ, ಕೋನ್ ಮಾತ್ರ ಕಂಗೆಟ್ಟು ಅಲುಗಾಡುತ್ತದೆ. ಸಿನಿಮಾದ 15–20 ಹರ್ಟ್ಸ್ ಗುಡುಗಿಗೆ ವಾಯ್ಸ್ ಕಾಯಿಲ್ ಹಿಂದಿನ ತಟ್ಟೆಗೆ ಹೊಡೆದು ಸತ್ತ ಡ್ರೈವರ್‌ಗಳಿಗೆ ಲೆಕ್ಕವಿಲ್ಲ. ಡಿಎಸ್‌ಪಿಯಲ್ಲಿ 25 ಹರ್ಟ್ಸ್, 24 ಡಿಬಿ ಬಟರ್‌ವರ್ತ್ ಹೈಪಾಸ್ ಹಾಕಿ. ಮೇಲೆ 80 ಹರ್ಟ್ಸ್ ಲಿಂಕ್‌ವಿಟ್ಜ್-ರೈಲಿ 24 ಡಿಬಿ ಲೋಪಾಸ್. ಸೀಲ್ಡ್‌ನಲ್ಲಿ ಒಳಗಿನ ಗಾಳಿಯೇ ಕೋನ್ ಹಿಡಿದಿಡುವುದರಿಂದ ಈ ಅಪಾಯ ಬಹಳ ಕಡಿಮೆ. ಡಿಎಸ್‌ಪಿ ಇಲ್ಲದವರು ಸೀಲ್ಡ್ ಕಟ್ಟುವುದೇ ಕ್ಷೇಮ.

ಡಿಎಸ್‌ಪಿ ಬದಲು ಪ್ಯಾಸಿವ್ ಕಾಯಿಲ್ (ಮೇಲಿನ ಆವರ್ತನ ತಡೆಯುವ ತಂತಿಸುರುಳಿ, ಇಂಡಕ್ಟರ್) ಹಾಕುವವರಿಗೂ ಒಂದು ಮಾತು. ಡ್ರೈವರ್ ಮುಂದೆ 1 ಓಮ್ ರೋಧದ ಇಂಡಕ್ಟರ್ ಬಂದರೆ ಈ ಡ್ರೈವರ್‌ನ ಕ್ಯೂಟಿಎಸ್ 0.40ರಿಂದ 0.46 ಆಗುತ್ತದೆ. ಆಗ 23.5 ಲೀಟರ್ ಸೀಲ್ಡ್ ಡಬ್ಬದ ಕ್ಯೂಟಿಸಿ 0.81. ಡಬ್ಬದ ಲೆಕ್ಕ ಕಾಯಿಲ್ ಸೇರಿಸಿಯೇ ಮಾಡಬೇಕು.

ಕಟ್ಟಿದ ಮೇಲೆ ಕಿವಿಯನ್ನು ನಂಬಬೇಡಿ, ಇಂಪೀಡೆನ್ಸ್ (ಆವರ್ತನದೊಂದಿಗೆ ಬದಲಾಗುವ ವಿದ್ಯುತ್ ರೋಧ) ಅಳೆಯಿರಿ. 100 ಓಮ್ ರೆಸಿಸ್ಟರ್ ಸರಣಿಯಲ್ಲಿಟ್ಟು, ಸೌಂಡ್ ಕಾರ್ಡ್‌ನ ಎರಡು ಇನ್‌ಪುಟ್‌ಗೆ ರೆಸಿಸ್ಟರ್‌ನ ಎರಡು ತುದಿ ಕೊಟ್ಟರೆ ಆರ್‌ಇಡಬ್ಲ್ಯೂ ತಂತ್ರಾಂಶ ರೇಖೆ ಬಿಡಿಸುತ್ತದೆ. ಸೀಲ್ಡ್‌ನಲ್ಲಿ ಒಂದೇ ಶಿಖರ, 53ರಲ್ಲಿ. ಪೋರ್ಟೆಡ್‌ನಲ್ಲಿ ಎರಡು ಶಿಖರ, ಇಲ್ಲಿ ಸುಮಾರು 18 ಮತ್ತು 47ರಲ್ಲಿ; ನಡುವಿನ ತಗ್ಗೇ ನಿಮ್ಮ ನಿಜವಾದ ಟ್ಯೂನಿಂಗ್. ಪೈಪನ್ನು ಮೊದಲು 33 ಸೆಂ.ಮೀ. ಇಟ್ಟು ಅಂಟಿಸದೆ ಅಳೆಯಿರಿ. ಒಂದು ಸೆಂ.ಮೀ. ಕತ್ತರಿಸಿದರೆ ತಗ್ಗು ಸುಮಾರು 0.35 ಹರ್ಟ್ಸ್ ಮೇಲೇರುತ್ತದೆ. ಕತ್ತರಿಸಿದ್ದನ್ನು ಮತ್ತೆ ಸೇರಿಸಲು ಬರುವುದಿಲ್ಲ, ಸ್ವಲ್ಪಸ್ವಲ್ಪವೇ ಕತ್ತರಿಸಿ.

ಎರಡೂ ಶಿಖರ ಮೊಂಡಾಗಿ, ತಗ್ಗು ಆಳ ಕಳೆದುಕೊಂಡಿದ್ದರೆ ಡಬ್ಬ ಸೋರುತ್ತಿದೆ. ಪೈಪಿನ ಬಾಯಿ ಗಟ್ಟಿಯಾಗಿ ಮುಚ್ಚಿ, 25 ಹರ್ಟ್ಸ್ ಸ್ವರ ಸಣ್ಣಗೆ ಹಾಕಿ, ಉರಿಯುವ ಊದುಬತ್ತಿಯನ್ನು ಎಲ್ಲ ಸಂದುಗಳ ಉದ್ದಕ್ಕೂ ಹಿಡಿಯಿರಿ. ಹೊಗೆ ನಡುಗಿದ ಜಾಗವೇ ಕಳ್ಳ. ಬಹಳಷ್ಟು ಸಲ ಹಲಗೆಯ ಸಂದು ಚೆನ್ನಾಗಿಯೇ ಇರುತ್ತದೆ, ಸೋರುವುದು ಹಿಂದಿನ ಸ್ಪೀಕರ್ ಟರ್ಮಿನಲ್‌ನ ಪ್ಲಾಸ್ಟಿಕ್ ಬಟ್ಟಲು.

ಮೈಕ್ ಇದ್ದರೆ ಕೋನ್‌ನ ನಡುವಿಗೆ 5–10 ಮಿ.ಮೀ. ಹತ್ತಿರ ಒಂದು ಅಳತೆ, ಪೈಪಿನ ಬಾಯಿಗೆ ಸಮನಾಗಿ ಇನ್ನೊಂದು. ಪೈಪಿನದ್ದನ್ನು 5.8 ಡಿಬಿ ಇಳಿಸಿ ಕೂಡಿಸಬೇಕು, ಯಾಕೆಂದರೆ ಅದರ ವಿಸ್ತೀರ್ಣ ಕೋನ್‌ಗಿಂತ ಅಷ್ಟು ಚಿಕ್ಕದು. ಇಳಿಸದೆ ನೋಡಿದರೆ ಪೋರ್ಟ್ ವಿಪರೀತ ಜೋರಾಗಿ ಕಂಡು ಇಲ್ಲದ ದೋಷಕ್ಕೆ ಔಷಧಿ ಹುಡುಕುತ್ತೀರಿ.

ಮಂದ್ರ_12

54 ಲೀಟರ್ ಕಟ್ಟಿ, ಕೋಣೆಯಲ್ಲಿ 30 ಹರ್ಟ್ಸ್ ಉಬ್ಬಿದರೆ? ಪೈಪಿನ ಬಾಯಿ ಮುಚ್ಚಿ ಸೀಲ್ಡ್ ಮಾಡಿಕೊಳ್ಳಬಹುದೇ, ಅಥವಾ ಡಬ್ಬ ದೊಡ್ಡದಾಯಿತು ಅಂತ ಕೆಡುತ್ತದೆಯೇ?

ಲೆಕ್ಕದ_ಮೇಸ್ಟ್ರು

ಕೆಡುವುದಿಲ್ಲ. 54 ಲೀಟರ್ ಮುಚ್ಚಿದರೆ ಕ್ಯೂಟಿಸಿ 0.40 × √(50 ÷ 54 + 1) = 0.56, ಅನುರಣನ 42 ಹರ್ಟ್ಸ್. −3 ಡಿಬಿ ಬಿಂದು 56ಕ್ಕೆ ಏರುತ್ತದೆ, ಆದರೆ ಇಳಿಜಾರು ನಿಧಾನ. 29 ಹರ್ಟ್ಸ್‌ನಲ್ಲಿ ಇಳಿತ 9 ಡಿಬಿ, ಅಂದರೆ 23.5 ಲೀಟರ್ ಡಬ್ಬಕ್ಕಿಂತ 2 ಡಿಬಿ ಮೇಲೇ ಇರುತ್ತದೆ. ಕೋನ್ ಮಿತಿ ಅದೇ 92 ಡಿಬಿ, ಅದು ಬದಲಾಗದು.

ಸೀಲ್ಡ್_ಪಕ್ಷ

ಇದನ್ನು ನಾನೂ ಒಪ್ಪುತ್ತೇನೆ. ಹಾಡಿಗೆ ಮುಚ್ಚಿ, ಸಿನಿಮಾಕ್ಕೆ ತೆರೆಯಿರಿ. ಮೊದಲು ಪೈಪ್ ತೆರೆದಿಟ್ಟು ಕೂರುವ ಜಾಗದಲ್ಲಿ ಅಳೆಯಿರಿ. 25–35ರ ನಡುವೆ ಉಬ್ಬು 4 ಡಿಬಿಗಿಂತ ಕಡಿಮೆಯಿದ್ದರೆ ಡಿಎಸ್‌ಪಿಯಲ್ಲಿ ಒಂದು ಫಿಲ್ಟರ್‌ನಿಂದ ಇಳಿಸಿ. ಉಬ್ಬು ಇಳಿಸುವುದು ಸುಲಭ, ಕೋನ್‌ಗೂ ಹಗುರ. ಸಬ್ ಮೂಲೆಯಿಂದ ಒಂದೆರಡು ಅಡಿ ಸರಿಸಿದರೂ ಬದಲಾವಣೆ ಕಾಣುತ್ತದೆ.

ಬಡಗಿ_ಮಲೆನಾಡು

ಮುಚ್ಚಳಕ್ಕೆ ಬಟ್ಟೆ ತುರುಕಬೇಡಿ. ಅದು ಅರ್ಧ ಸೋರುವ ಡಬ್ಬವಾಗುತ್ತದೆ, ಸೀಲ್ಡ್ ಅಲ್ಲ. 18 ಮಿ.ಮೀ. ಹಲಗೆಯ ಎರಡು ಬಿಲ್ಲೆ, ಪೈಪಿನ ಒಳವ್ಯಾಸಕ್ಕಿಂತ 3 ಮಿ.ಮೀ. ಚಿಕ್ಕವು, ನಡುವೆ 10 ಮಿ.ಮೀ. ದಪ್ಪದ ರಬ್ಬರ್ ಬಿಲ್ಲೆ, ಎಲ್ಲದರ ಮಧ್ಯೆ ಒಂದು ಎಂ6 ಬೋಲ್ಟ್, ರೆಕ್ಕೆ ನಟ್. ಪೈಪಿಗೆ ತೂರಿಸಿ ನಟ್ ತಿರುಗಿಸಿದರೆ ರಬ್ಬರ್ ಅಗಲವಾಗಿ ಗಾಳಿ ಬಿಡದಂತೆ ಕಚ್ಚಿಕೊಳ್ಳುತ್ತದೆ. ಪೈಪಿನ ಬಾಯಿಯನ್ನು ಅರಳಿಸಿದ್ದರೆ ಬಿಲ್ಲೆ ಆ ಬಾಗನ್ನು ದಾಟಿ ನೇರ ಭಾಗದಲ್ಲಿ ಕೂರಬೇಕು, ಅದಕ್ಕೆ ಬೋಲ್ಟ್ 80 ಮಿ.ಮೀ. ಉದ್ದದ್ದೇ ತನ್ನಿ.

ತುಂಬುನಾದ

ಡಿಎಸ್‌ಪಿಯಲ್ಲಿ ಎರಡು ಪ್ರಿಸೆಟ್ ಉಳಿಸಿ. ತೆರೆದಾಗ 25 ಹರ್ಟ್ಸ್ ಹೈಪಾಸ್ ಇರಬೇಕು. ಮುಚ್ಚಿದಾಗ ಅದನ್ನು ತೆಗೆದು, 30 ಹರ್ಟ್ಸ್ ಸುತ್ತ 3 ಡಿಬಿ ಮಾತ್ರ ಎತ್ತಿ. ಮುಖ್ಯ ಸ್ಪೀಕರ್‌ಗಳೊಂದಿಗಿನ ಫೇಸ್ ಎರಡು ಸ್ಥಿತಿಯಲ್ಲೂ ಬೇರೆಯಾಗುತ್ತದೆ, ಹಾಗಾಗಿ 80 ಹರ್ಟ್ಸ್ ಸ್ವರ ಹಾಕಿ ಸಬ್‌ನ ಡಿಲೇಯನ್ನು ಪ್ರತಿ ಪ್ರಿಸೆಟ್‌ಗೂ ಬೇರೆಯಾಗಿ ಹೊಂದಿಸಿ. ಪ್ರಿಸೆಟ್ ಬದಲಿಸಲು ಮರೆತು, ಮುಚ್ಚಳ ತೆಗೆದ ಡಬ್ಬಕ್ಕೆ ಹೈಪಾಸ್ ಇಲ್ಲದೆ ಸಿನಿಮಾ ಹಾಕಿದರೆ ಡ್ರೈವರ್ ಹೋಗುತ್ತದೆ. ಆಂಪ್ ಆನ್ ಆದಾಗ ತಾನಾಗಿ ಬರುವ ಪ್ರಿಸೆಟ್ ಹೈಪಾಸ್ ಇರುವುದೇ ಆಗಿರಲಿ.